ನೀರಿನ ಹದ

ಇಸ್ತ್ರಿ ಪೆಟ್ಟಿಗೆ ಕಾದಿದೆಯೋ ಇಲ್ಲವೋ ಎಂದು ಅವನಿಗೆ ತಿಳಿಯಲಿಲ್ಲ. ಬೆರಳನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡು ಪೆಟ್ಟಿಗೆಯ ತಳಕ್ಕೆ ಮುಟ್ಟಿಸಿದ. ಚುಂಯ್ ಎಂದಿತು. ಇನ್ನೊಮ್ಮೆ ಮುಟ್ಟಿಸಿದ, ಇನ್ನೊಮ್ಮೆ ಚುಂಯ್ ಎಂದಿತು. ಸದ್ದು ಕಿವಿಗೆ ಬಂತೇ ಹೊರತು ಬೆರಳಿಗೆ ಏನೂ ಬರಲಿಲ್ಲ. ಇಷ್ಟು ವರ್ಷ ತನ್ನ ಬೆರಳೇ ಕಾವನ್ನು ಅಳೆಯುತ್ತದೆ ಎಂದು ನಂಬಿಕೊಂಡು, ಹೊಸ ಗಿರಾಕಿ ಅಂಗಡಿಗೆ ಬಂದರೆ ಬೇಕೆಂದೇ ಅವರ ಮುಂದೆ ಒಮ್ಮೆ ಮುಟ್ಟಿ ತೋರಿಸಿ, ಅವರು ‘ಅಯ್ಯೋ’ ಎಂದಾಗ ಒಳಗೊಳಗೇ ಬೀಗಿದವನು ಅವನು. ಅಳೆಯುತ್ತಿದ್ದದ್ದು ಕಿವಿ. ಬೆರಳು ಎಂದೋ ಸತ್ತುಹೋಗಿತ್ತು. ತುದಿಯ ಚರ್ಮ ಹಳೆಯ ಬೆಲ್ಟಿನ ಹಾಗೆ ಹಳದಿಗಟ್ಟಿ ಹೊಳೆಯುತ್ತಿತ್ತು. ಇದು ಅವನಿಗೆ ಗೊತ್ತಾಗಿ ಕೆಲವು ವಾರಗಳಾಗಿದ್ದವು. ಗೊತ್ತಾದ ಮೇಲೂ ಬೆಳಗಾದರೆ, ಇವತ್ತಾದರೂ ಸುಟ್ಟೀತು ಎಂದು ಆಸೆಪಟ್ಟು ಮುಟ್ಟುತ್ತಿದ್ದ.

ಮೇಜಿನ ಮೇಲೆ ಅಣ್ಣನ ಪೈಜಾಮ ಇತ್ತು. ಮಧ್ಯಾಹ್ನದೊಳಗೆ ಆಸ್ಪತ್ರೆಗೆ ಒಯ್ಯಬೇಕು. ನಿನ್ನೆ ಅಣ್ಣ ಹಾಸಿಗೆಯಲ್ಲಿ ಮಲಗಿಕೊಂಡೇ, ‘ಚೆನ್ನಾಗಿ ಇಸ್ತ್ರಿ ಮಾಡ್ಕೊಂಡು ಬಾರೋ, ಎರಡೂ ಕಾಲಿಗೂ ಮಾಡು, ಒಂದು ಹೆಂಗೂ ಖಾಲಿ ಅಂತ ಸುಕ್ಕು ಬಿಡಬೇಡ’ ಎಂದು ನಕ್ಕಿದ್ದ. ಅಂಥ ಮಾತಿಗೆ ನಗಬೇಕೋ ಬೇಡವೋ ಗೊತ್ತಾಗದೆ ಅವನು ಕಿಟಕಿಯ ಕಡೆ ನೋಡಿದ್ದ. ಈಗ ಎಡಗಾಲಿನ ಬಟ್ಟೆಯನ್ನು ಹರಡಿ, ನೀರು ಚಿಮುಕಿಸಿ, ಪೆಟ್ಟಿಗೆಯನ್ನು ಮೇಲಿನಿಂದ ಕೆಳಕ್ಕೆ ಎಳೆದ. ಮೊಣಕಾಲಿನ ಜಾಗ ದಾಟಿ ಇನ್ನೊಂದು ಗೇಣು ಬರುವಾಗ ಕೈ ತಾನೇ ನಿಂತಿತು. ಅಲ್ಲಿಂದ ಕೆಳಗಿನದ್ದು ಇವತ್ತು ಸಂಜೆಯಿಂದ ಬರೀ ಬಟ್ಟೆ. ಅಲ್ಲಿಗೇ ಯಾಕೋ ಬಲಗಾಲಿಗಿಂತ ಹೆಚ್ಚು ಒತ್ತಿ ಒತ್ತಿ ತಿಕ್ಕಿದ. ತಾನು ಮಾಡುತ್ತಿರುವುದು ಶುದ್ಧ ಪೆದ್ದುತನ ಎಂದು ತಿಳಿದೂ ತಿಕ್ಕಿದ.

ಪಕ್ಕದಲ್ಲಿ ಅಣ್ಣನ ಹೊಲಿಗೆ ಮೆಷಿನ್ನು ಹಳೆಯ ಬೆಡ್‌ಶೀಟು ಹೊದ್ದುಕೊಂಡು ನಿಂತಿತ್ತು. ಅಂಗಡಿ ಒಂದೇ ಕೋಣೆ: ಬೀದಿಯ ಕಡೆ ಅಣ್ಣನ ಮೆಷಿನ್ನು, ಒಳಗಡೆ ಅವನ ಇಸ್ತ್ರಿ ಮೇಜು, ಹಿಂದಿನ ಬಾಗಿಲು ತೆರೆದರೆ ಅತ್ತಿಗೆಯ ಅಡುಗೆಮನೆ. ಅಣ್ಣ ಹೊಲಿದದ್ದನ್ನು ಅವನು ತಿಕ್ಕುತ್ತಿದ್ದ. ಹೊಲಿಗೆ ಎಲ್ಲಾದರೂ ಸೊಟ್ಟಗಿದ್ದರೆ ಇಸ್ತ್ರಿಯಲ್ಲಿ ಎಳೆದು ಸರಿಮಾಡುತ್ತಿದ್ದ, ಇಸ್ತ್ರಿಯಲ್ಲಿ ಬಟ್ಟೆ ಎಲ್ಲಾದರೂ ಕಂದಿದರೆ ಅಣ್ಣ ಅಲ್ಲೊಂದು ಜೇಬು ಕೂರಿಸಿಬಿಡುತ್ತಿದ್ದ. ಒಬ್ಬರ ತಪ್ಪನ್ನು ಒಬ್ಬರು ಮುಚ್ಚಿಕೊಂಡೇ ಅಂಗಡಿ ಇಲ್ಲಿಯವರೆಗೆ ನಡೆದಿತ್ತು. ಪೆಡಲಿನ ಟಕಟಕ ಇಲ್ಲದ ಕೋಣೆಯಲ್ಲಿ ಈಗ ತನ್ನ ಉಸಿರೇ ಅವನಿಗೆ ದೊಡ್ಡದಾಗಿ ಕೇಳಿಸುತ್ತಿತ್ತು.

‘ಇವತ್ತೇನಾ ಆಪರೇಷನ್ನು?’ ಬ್ಯಾಂಕಿನವರು ಬಾಗಿಲಲ್ಲಿ ನಿಂತಿದ್ದರು. ಪಕ್ಕದ ಬೀದಿಯ ಬ್ಯಾಂಕಿನ ಗುಮಾಸ್ತರು, ಹಳೆಯ ಗಿರಾಕಿ, ಹೊಲಿಯಲು ಕೊಟ್ಟ ಪ್ಯಾಂಟನ್ನು ಒಯ್ಯಲು ಬಂದವರು.

‘ಹೌದು ಸಾರ್, ಮಧ್ಯಾಹ್ನ.’

‘ಒಂದು ಜೊತೆ ಚಪ್ಪಲಿ ಏನು ಮಾಡಿಬಿಡ್ತು ನೋಡಿ! ಪಾಪ, ನಿಮ್ಮ ಅತ್ತಿಗೇನೂ ಕೆಟ್ಟದ್ದಾಗ್ಲಿ ಅಂತ ತಂದಿರಲ್ಲ ಬಿಡಿ. ಆದ್ರೂ ಶುಗರ್ ಇರೋ ಮನುಷ್ಯನಿಗೆ ಬಣ್ಣ ನೋಡಿ ಚಪ್ಪಲಿ ತರ್ತಾರಾ? ನಮ್ಮನೇಲಿ ನಾನು ಹೇಳ್ಬಿಟ್ಟಿದೀನಿ, ನನ್ನ ಚಪ್ಪಲಿ ನಾನೇ ತಗೋತೀನಿ ಅಂತ.’

ಹೇಳಬಹುದಿತ್ತು. ಬಾಯಿ ತೆರೆದರೆ ಸಾಕು, ಮಾತು ನಾಲಿಗೆಯ ತುದಿಯಲ್ಲೇ ಇತ್ತು. ‘ಹ್ಞೂಂ’ ಎಂದ. ಆ ‘ಹ್ಞೂಂ’ ಈಗ ಇಡೀ ಬೀದಿಗೆ ಹಂಚಿಯಾಗಿತ್ತು. ಹಾಲಿನವನಿಗೆ, ಗುಂಡಿ-ದಾರದ ಅಂಗಡಿಯವಳಿಗೆ, ಎದುರು ಮನೆಯ ಮುದುಕನಿಗೆ. ಪ್ರತಿಯೊಬ್ಬರೂ ಅತ್ತಿಗೆಯ ಹೆಸರಿಗೆ ಒಂದೊಂದು ಕಲ್ಲು ಇಟ್ಟು ಹೋಗುವಾಗ ಅವನು ಪಕ್ಕದಲ್ಲಿ ನಿಂತು ಹ್ಞೂಂಗುಟ್ಟಿದ್ದ. ಬ್ಯಾಂಕಿನವರು ಪ್ಯಾಂಟನ್ನು ಸೊಂಟಕ್ಕೆ ಹಿಡಿದು ನೋಡಿಕೊಂಡರು. ‘ಉದ್ದ ಒಂಚೂರು ಜಾಸ್ತಿ ಆಯ್ತು ಕಣ್ರೀ. ಒಂದು ಕಾಲು ತೆಗೆದ್ರೆ ಸರಿಹೋಗುತ್ತೆ ಅಂತ ನಿಮ್ಮಣ್ಣನಿಗೆ ಅವತ್ತೇ ಹೇಳಿದ್ದೆ...’ ಎಂದವರು ತಟ್ಟನೆ ಬಾಯಿ ಮುಚ್ಚಿಕೊಂಡರು. ಕಾಲು ಇಂಚು ಎನ್ನುವುದನ್ನು ಅಂಗಡಿಯಲ್ಲಿ ಎಲ್ಲರೂ ಹೇಳುವ ಹಾಗೆ ಬರೀ ಕಾಲು ಎಂದಿದ್ದರು, ಅಷ್ಟೆ. ಅವರ ಮುಖ ಕೆಂಪಾಯಿತು. ‘ಛೆ, ನಾನು ಆ ಅರ್ಥದಲ್ಲಿ...’ ‘ಗೊತ್ತು ಸಾರ್, ಗೊತ್ತು ಸಾರ್’ ಎಂದು ಅವನೇ ಅವರನ್ನು ಸಮಾಧಾನ ಮಾಡಬೇಕಾಯಿತು. ಅವರು ಪ್ಯಾಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಉದ್ದವಿದ್ದದ್ದು ಉದ್ದವಿದ್ದ ಹಾಗೇ, ಓಡಿದಂತೆ ಹೋದರು. ಅವನಿಗೆ ನಗು ಬಂತು. ನಗುತ್ತಲೇ ಪೈಜಾಮವನ್ನು ಮಡಚಿ ಮೇಜಿನ ಮೇಲೆ ಪೊಟ್ಟಣ ಕಟ್ಟಿದ.

ಕೆಲವು ವಾರಗಳ ಹಿಂದಿನ ಆ ಸಂಜೆ ಅಣ್ಣ ಇದೇ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕುಳಿತಿದ್ದ. ಶಾಲೆಯೊಂದರ ಸಮವಸ್ತ್ರದ ಕೆಲಸ ಒಟ್ಟಿಗೆ ಬಂದು, ದಿನವಿಡೀ ಪೆಡಲು ತುಳಿದು ಎಡಗಾಲು ಊದಿತ್ತು. ನೋವಿಲ್ಲ, ಬರೀ ಭಾರ ಎನ್ನುತ್ತಿದ್ದ. ನೋವಿಲ್ಲ ಎನ್ನುವುದೇ ಕಾಯಿಲೆ ಎಂದು ಆಗ ಇಬ್ಬರಿಗೂ ಹೊಳೆದಿರಲಿಲ್ಲ. ‘ಬಿಸಿನೀರಲ್ಲಿ ಇಟ್ಕೋ, ಇಳಿಯುತ್ತೆ’ ಎಂದವನು ತಾನೇ. ಅತ್ತಿಗೆ ನೀರು ಕಾಯಿಸಿ ತಂದು ಪ್ಲಾಸ್ಟಿಕ್ ಟಬ್ಬಿಗೆ ಸುರಿದರು. ಆವಿ ಏಳುತ್ತಿತ್ತು. ಅವನು ಅಣ್ಣನ ಕಾಲ ಬಳಿ ಕುಕ್ಕರಗಾಲಲ್ಲಿ ಕುಳಿತು ನೀರಿನಲ್ಲಿ ಕೈ ಅದ್ದಿದ. ಬೆಚ್ಚಗೆ, ಹಿತವಾಗಿ ಇತ್ತು. ‘ಹದವಾಗಿದೆ’ ಎಂದ. ಅತ್ತಿಗೆ ಒಳಗೆ ಹೋಗಿ ಒಂದು ಚೊಂಬು ತಣ್ಣೀರು ಹಿಡಿದುಕೊಂಡು ಬಂದರು: ‘ಇರು ಮರಿ, ಒಂಚೂರು ಬೆರೆಸ್ತೀನಿ.’ ಅವರು ಮದುವೆಯಾಗಿ ಈ ಮನೆಗೆ ಬಂದಾಗ ಅವನು ಇನ್ನೂ ಚಡ್ಡಿ ಹಾಕುತ್ತಿದ್ದ. ಅಂದು ಕರೆದ ಹೆಸರನ್ನು ತಲೆ ನರೆತ ಮೇಲೂ ಅವರು ಬಿಟ್ಟಿರಲಿಲ್ಲ. ‘ಹದ ನೋಡೋದು ನನಗೆ ಹೇಳ್ಕೊಡ್ತೀರಾ ಅತ್ತಿಗೆ? ಬೆಂಕಿ ಜೊತೆ ಸಂಸಾರ ಮಾಡೋನು ನಾನು. ನೀವು ಒಳಗೆ ಹೋಗಿ’ ಎಂದ. ಅಣ್ಣ ಗಹಗಹಿಸಿ ನಕ್ಕ. ಅತ್ತಿಗೆಯೂ ನಕ್ಕು ಚೊಂಬನ್ನು ವಾಪಸು ಒಯ್ದರು. ಅಣ್ಣನ ಪಾದವನ್ನು ಎರಡೂ ಕೈಯಲ್ಲಿ ಎತ್ತಿ ಅವನೇ ನೀರಿಗಿಳಿಸಿದ. ‘ಆಹಾ’ ಎಂದು ಅಣ್ಣ ಕಣ್ಣು ಮುಚ್ಚಿದ. ಆ ‘ಆಹಾ’ ಯಾತಕ್ಕೆ? ನೀರಿಗಲ್ಲ. ನೀರು ಆ ಪಾದಕ್ಕೆ ತಿಳಿದೇ ಇರಲಿಲ್ಲ. ತಮ್ಮ ಕಾಲ ಬಳಿ ಕುಳಿತಿದ್ದಾನಲ್ಲ ಎಂಬುದಕ್ಕೆ ಇರಬೇಕು. ನೀರು ಇಸ್ತ್ರಿ ಪೆಟ್ಟಿಗೆಯ ಹಾಗೆ ಚುಂಯ್ ಎನ್ನುವುದಿಲ್ಲ. ಏನನ್ನೂ ಹೇಳದ ಬೆರಳು, ಏನನ್ನೂ ಹೇಳದ ಪಾದ, ಎರಡೂ ಆ ಟಬ್ಬಿನೊಳಗೆ ಒಂದನ್ನೊಂದು ನಂಬಿಕೊಂಡು ಬಹಳ ಹೊತ್ತು ಇದ್ದವು.

ಆಸ್ಪತ್ರೆಗೆ ನಡೆದೇ ಹೊರಟ. ಬಸ್ಸಿದ್ದರೂ ನಡೆಯಬೇಕೆನಿಸಿತು, ನಡೆಯುವಾಗ ನಾಚಿಕೆಯೂ ಆಯಿತು. ದಾರಿಯುದ್ದಕ್ಕೂ ಜನ ಎರಡೆರಡು ಕಾಲುಗಳನ್ನು ಎಷ್ಟು ಉಡಾಫೆಯಿಂದ ಎತ್ತಿ ಹಾಕುತ್ತಿದ್ದಾರೆ ಎನಿಸಿತು. ಚಪ್ಪಲಿ ಅಂಗಡಿಯ ಮುಂದೆ ಬಂದಾಗ ರಸ್ತೆ ದಾಟಿ ಆ ಕಡೆಯ ಪಾದಚಾರಿ ದಾರಿ ಹಿಡಿದ. ಅತ್ತಿಗೆ ಅಣ್ಣನಿಗೆ ಹೊಸ ಚಪ್ಪಲಿ ತಂದದ್ದು ಕಾಲನ್ನು ನೀರಿಗಿಟ್ಟ ಅದೇ ದಿನ. ವಿಧಿ ಎನ್ನುವುದು ಇದ್ದರೆ ಅದಕ್ಕೆ ಒಳ್ಳೆಯ ಕುಚೋದ್ಯದ ಬುದ್ಧಿ ಇದೆ. ಮರುದಿನ ಅಣ್ಣ ಅದನ್ನು ಮೆಟ್ಟಿಕೊಂಡು ಬಟ್ಟೆ ತರಲು ಪೇಟೆಗೆ ಹೋಗಿ ಬಂದ. ರಾತ್ರಿ ಚಪ್ಪಲಿ ಬಿಡಿಸುವಾಗ ಪಟ್ಟಿಯ ಜೊತೆ ಚರ್ಮ ಬಂತು. ‘ಕಚ್ಚಿಬಿಟ್ಟಿದೆ ಕಣ್ರೀ ಚಪ್ಪಲಿ!’ ಎಂದು ಅತ್ತಿಗೆಯೇ ಮೊದಲು ಕೂಗಿದ್ದು. ಮುಲಾಮು ಹಚ್ಚಿ ಬಟ್ಟೆ ಕಟ್ಟಿದರು. ಕೆಲಸ ಬಹಳ ಇತ್ತು, ಅಣ್ಣ ಆ ಕಾಲಿನಲ್ಲೇ ಪೆಡಲು ತುಳಿದ. ಬಟ್ಟೆ ಒದ್ದೆಯಾಯಿತು, ವಾಸನೆ ಬಂತು, ಬೆರಳುಗಳು ಕಪ್ಪಾದವು. ಅಷ್ಟರೊಳಗೆ ಒಂದು ದಿನ ಗಿರಾಕಿಗೆ ಚಹಾ ಕೊಡುವಾಗ ಲೋಟ ತುಳುಕಿ ಇಬ್ಬರ ಕೈ ಮೇಲೂ ಬಿತ್ತು. ಗಿರಾಕಿ ಹಾರಿಬಿದ್ದು ಕೈ ಒದರಿದ. ಅವನು ಲೋಟ ಹಿಡಿದುಕೊಂಡು ಸುಮ್ಮನೆ ನಿಂತಿದ್ದ. ನಿಂತವನಿಗೆ ಟಬ್ಬಿನ ಆವಿ ಮುಖಕ್ಕೆ ಹೊಡೆದಂತಾಯಿತು. ಅವತ್ತೇ ಹೇಳಬಹುದಿತ್ತು. ನಾಳೆ ಎಂದುಕೊಂಡ. ಮೊದಲ ದಿನ ಹೇಳದ ಮಾತು ಎರಡನೆಯ ದಿನ ಇನ್ನಷ್ಟು ಭಾರವಾಯಿತು, ಮೂರನೆಯ ದಿನ ಎತ್ತಲಿಕ್ಕೇ ಆಗಲಿಲ್ಲ. ಅಷ್ಟು ಹೊತ್ತಿಗೆ ಅಣ್ಣ, ಜೀವಮಾನದಲ್ಲಿ ಹೆಂಡತಿಯ ಮೇಲೆ ಕೈ ಇರಲಿ ದನಿಯನ್ನೂ ಎತ್ತದವನು, ‘ನೀನು ತಂದ ಚಪ್ಪಲಿ ನನ್ನ ಕಾಲು ತಿಂತಲ್ಲೇ’ ಎಂದು ಹೇಳಲು ಶುರುಮಾಡಿದ್ದ. ಅತ್ತಿಗೆ ಆವತ್ತಿನಿಂದ ಚಪ್ಪಲಿ ಮೆಟ್ಟುವುದನ್ನು ಬಿಟ್ಟರು. ಯಾರಿಗೂ ಹೇಳಲಿಲ್ಲ, ಬಿಟ್ಟರು ಅಷ್ಟೆ.

ಆಸ್ಪತ್ರೆಯ ಮೊದಲ ಮಹಡಿಯ ನಡುದಾರಿಯಲ್ಲಿ ಗೋಡೆಗೆ ದೊಡ್ಡದೊಂದು ಹಾಳೆ ಅಂಟಿಸಿದ್ದರು. ಅದರಲ್ಲಿ ಎರಡು ಗೆರೆ: ಕೆಂಪು ಗೆರೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು, ನೀಲಿ ಗೆರೆ ಏರುತ್ತಿತ್ತು. ಮೊನ್ನೆ ಡಾಕ್ಟರಮ್ಮ ಅದರ ಮುಂದೆ ಅವನನ್ನು ನಿಲ್ಲಿಸಿ ಹೇಳಿದ್ದರು. ಚಿಕ್ಕ ವಯಸ್ಸಿನ ಹೆಂಗಸು, ಮಾತು ಮೆತ್ತಗೆ. ‘ಕೆಂಪು ನೋಡಿ, ದೊಡ್ಡ ಕಟಾವು. ತೊಡೆ, ಮೊಣಕಾಲು. ಸಕ್ಕರೆ ಕಾಯಿಲೆಯವರದ್ದು ಮೊದಲು ಹಿಂದೆಮುಂದೆ ನೋಡದೆ ಮೇಲಿಂದಲೇ ತೆಗೀತಿದ್ರು. ಈಗ ಅದು ಕಮ್ಮಿ ಆಗ್ತಿದೆ. ನೀಲಿ ಸಣ್ಣ ಕಟಾವು. ಬೆರಳು, ಅರ್ಧ ಪಾದ. ಅದು ಜಾಸ್ತಿ ಆಗ್ತಿದೆ.’ ‘ಜಾಸ್ತಿ ಆಗೋದು ಒಳ್ಳೇದಾ?’ ಎಂದು ಅವನು ಕೇಳಿದ್ದ. ಅವರು ಸ್ವಲ್ಪ ಯೋಚಿಸಿ, ‘ಒಂದು ಕಡೆ ಒಳ್ಳೇದು, ಬೇಗ ಬರ್ತಿದಾರೆ, ಕಾಲು ಉಳೀತಿದೆ. ಇನ್ನೊಂದು ಕಡೆ ಬರೋರೇ ಜಾಸ್ತಿ ಆಗಿದಾರೆ. ಮುಂಚೆ ಅಜ್ಜಂದಿರು ಬರ್ತಿದ್ರು, ಈಗ ಅವರ ಮಕ್ಕಳೂ ಬರ್ತಿದಾರೆ’ ಎಂದಿದ್ದರು. ನಿಮ್ಮಣ್ಣ ಇನ್ನೂ ಮುಂಚೆ ಬಂದಿದ್ದರೆ ನೀಲಿ ಗೆರೆಯಲ್ಲೇ ಮುಗಿಯುತ್ತಿತ್ತು ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಅವನಿಗೆ ಕೇಳಿಸಿತು.

ಅಪ್ಪನ ಕಾಲು ಹೋದಾಗ ಯಾರೂ ಗೆರೆ ಎಳೆದು ತೋರಿಸಿರಲಿಲ್ಲ. ಬೆರಳಿಗೆ ಹುಣ್ಣಾಗಿದೆ ಎಂದು ಹೋದ ಅಪ್ಪ ತೊಡೆಯ ಮೇಲಿನವರೆಗೆ ಕಾಲಿಲ್ಲದೆ ಬಂದ. ಯಾಕೆ, ಎಷ್ಟು ಎಂದು ಮನೆಯವರು ಕೇಳಲಿಲ್ಲ, ಡಾಕ್ಟರೂ ಹೇಳಲಿಲ್ಲ. ಆಗಿನ್ನೂ ಮೀಸೆ ಚಿಗುರುತ್ತಿದ್ದ ಅಣ್ಣ ಅಪ್ಪನ ಪ್ಯಾಂಟುಗಳನ್ನೆಲ್ಲ ಮುಂದೆ ಹಾಕಿಕೊಂಡು ಒಂದು ಕಾಲನ್ನು ಕತ್ತರಿಸಿ, ಒಳಗೆ ಮಡಚಿ, ಅಂಚು ಕಾಣದ ಹಾಗೆ ಹೊಲಿದುಕೊಟ್ಟ. ‘ಕೈ ಕೂತಿದೆ ಕಣೋ ನಿನಗೆ’ ಎಂದು ಅಪ್ಪ ಮೆಚ್ಚಿದ. ಅಣ್ಣ ದರ್ಜಿಯಾದದ್ದು ಅಲ್ಲಿಂದ. ಅಪ್ಪ ಆ ಪ್ಯಾಂಟುಗಳನ್ನು ಹೆಚ್ಚು ದಿನ ತೊಡಲಿಲ್ಲ, ತಿರುಗಿ ವರ್ಷವಾಗುವುದರೊಳಗೆ ಹೋಗಿಬಿಟ್ಟ. ಕೆಂಪು ಗೆರೆಯ ತುತ್ತತುದಿಯಲ್ಲಿ, ಹಾಳೆಯ ಎಡಗಡೆಯ ಅಂಚಿನಾಚೆ ಎಲ್ಲೋ ಅಪ್ಪ ಇದ್ದಾನೆ ಎಂದುಕೊಂಡು ಅವನು ಗೋಡೆಯ ಖಾಲಿ ಜಾಗವನ್ನು ನೋಡಿದ. ಸುಣ್ಣ ಎದ್ದಿತ್ತು.

ವಾರ್ಡಿನಲ್ಲಿ ಅಣ್ಣನ ಪಕ್ಕದ ಹಾಸಿಗೆಯವನು ಬಸ್ ಕಂಡಕ್ಟರು. ನಲವತ್ತು ದಾಟಿರಲಿಕ್ಕಿಲ್ಲ. ಮೊದಲು ಒಂದು ಬೆರಳು, ಆಮೇಲೆ ಎರಡು, ಈಗ ಅರ್ಧ ಪಾದ ಹೋಗಿ ತನಗೆ ತಾನೇ ‘ಅರ್ಧ ಟಿಕೆಟ್’ ಎಂದು ಹೆಸರಿಟ್ಟುಕೊಂಡಿದ್ದ. ‘ಬನ್ನಿ ಬನ್ನಿ, ಒಳಗೆ ಬನ್ನಿ, ಬಾಗಿಲಲ್ಲಿ ನಿಲ್ಬೇಡಿ’ ಎಂದು ಅವನನ್ನು ಬಸ್ಸಿಗೆ ಹತ್ತಿಸುವಂತೆ ಕರೆದ. ಅಣ್ಣ ದಿಂಬಿಗೆ ಒರಗಿಕೊಂಡಿದ್ದ. ಒಂದೇ ವಾರದಲ್ಲಿ ಕೆನ್ನೆ ಒಳಹೋಗಿತ್ತು. ಅತ್ತಿಗೆ ಹಾಸಿಗೆಯ ಕಾಲಿನ ಕಡೆ, ಸಾಧ್ಯವಾದಷ್ಟು ಕಡಿಮೆ ಜಾಗ ತೆಗೆದುಕೊಂಡು ನಿಂತಿದ್ದರು. ತಣ್ಣಗಿನ ನೆಲದ ಮೇಲೆ ಅವರ ಬರಿಗಾಲು. ‘ಅಮ್ಮಾ, ಆಸ್ಪತ್ರೇಲಿ ಬರಿಗಾಲಲ್ಲಿ ಓಡಾಡಬೇಡಿ ಅಂತ ಎಷ್ಟು ಸಲ ಹೇಳೋದು’ ಎಂದು ಸಿಸ್ಟರು ಗದರಿದರು. ಅತ್ತಿಗೆ ಪಾದಗಳನ್ನು ಸೀರೆಯ ಕೆಳಗೆ ಎಳೆದುಕೊಂಡರು, ಏನೋ ಕದ್ದು ಸಿಕ್ಕಿಬಿದ್ದವರ ಹಾಗೆ.

ಡಾಕ್ಟರಮ್ಮ ಬಂದು ಹೊದಿಕೆ ಸರಿಸಿ ಪೆನ್ನಿನಲ್ಲಿ ಮೊಣಕಾಲಿನ ಕೆಳಗೆ ಗುರುತು ಹಾಕತೊಡಗಿದರು. ಅಣ್ಣ ತಲೆಯೆತ್ತಿ ಬಹಳ ಆಸಕ್ತಿಯಿಂದ ನೋಡಿದ. ಆ ಕಾಲು ತನ್ನದಲ್ಲ, ಯಾರೋ ಅಳತೆಗೆ ಕೊಟ್ಟದ್ದು ಎಂಬ ಹಾಗೆ.

‘ಹಿಂದ್ಗಡೆ ಯಾಕೆ ಉದ್ದ ಬಿಟ್ರಿ ಮೇಡಂ?’

‘ಹಿಂದಿನ ಚರ್ಮ, ಮಾಂಸ ಮುಂದಕ್ಕೆ ತಂದು ಮುಚ್ಚಿ ಹೊಲೀತೀವಿ. ಗಾದಿ ಥರ ಇರುತ್ತೆ.’

‘ಹಾಗೆ ಹೇಳಿ. ಒಳಗೆ ಬಟ್ಟೆ ಬಿಡ್ತೀರಾ ಅಂತಾಯ್ತು.’ ಅಣ್ಣನಿಗೆ ನಿಜವಾಗಿ ಸಮಾಧಾನವಾದಂತಿತ್ತು. ‘ಬಿಡಬೇಕು. ಬಿಗಿಯಾಗಿ ಕತ್ತರಿಸಿದ್ರೆ ಆಮೇಲೆ ಹೊಲಿಗೆ ಬಿಟ್ಕೊಳುತ್ತೆ.’

ಡಾಕ್ಟರಮ್ಮ ನಕ್ಕರು. ‘ಮೊಣಕಾಲು ಉಳಿಸ್ತಾ ಇದೀವಿ. ಅದು ಉಳಿದ್ರೆ ಕೃತಕ ಕಾಲಲ್ಲಿ ಚೆನ್ನಾಗಿ ನಡೀಬಹುದು.’ ಆಮೇಲೆ ಪೆನ್ನಿನ ಮುಚ್ಚಳ ಹಾಕುತ್ತ ಕೇಳಿದರು: ‘ಗಾಯ ಶುರುವಾಗಿದ್ದು ಹೇಗೆ? ಎಲ್ಲರನ್ನೂ ಕೇಳ್ತೀವಿ. ಕೇಳಿ ತಿಳ್ಕೊಂಡಿದ್ರಿಂದಲೇ ಜನಕ್ಕೆ ಏನು ಮಾಡಬಾರದು ಅಂತ ಹೇಳೋಕಾಗ್ತಿರೋದು.’

‘ನಂದು ಮೊಳೆ ಮೇಡಂ’ ಎಂದು ಕಂಡಕ್ಟರು, ಯಾರೂ ಕೇಳದೆ, ಹೆಮ್ಮೆಯಿಂದ ಎಂಬಂತೆ ಹೇಳಿದ. ‘ಬೂಟೊಳಗೆ ಮೊಳೆ. ಇಡೀ ದಿನ ಅದರ ಮೇಲೆ ನಿಂತ್ಕೊಂಡು ಟಿಕೆಟ್ ಹರಿದಿದೀನಿ. ಸಂಜೆ ಬೂಟು ಬಿಚ್ಚಿದ್ರೆ ಕಾಲುಚೀಲ ಬರ್ಲೇ ಇಲ್ಲ.’

ಅಣ್ಣ ಡಾಕ್ಟರಮ್ಮನ ಮುಖ ನೋಡಲಿಲ್ಲ. ಹಾಸಿಗೆಯ ಕೊನೆಗೆ ನೋಡಿದ. ‘ಚಪ್ಪಲಿ. ಹೊಸ ಚಪ್ಪಲಿ ಕಚ್ಚಿದ್ದು.’ ಅತ್ತಿಗೆಯ ತಲೆ ಇನ್ನಷ್ಟು ಕೆಳಗೆ ಹೋಯಿತು. ಅವನು ಪೈಜಾಮದ ಪೊಟ್ಟಣವನ್ನು ಎದೆಗೆ ಅವುಚಿಕೊಂಡು ನಿಂತಿದ್ದ. ಈಗ, ಈಗ ಹೇಳು, ಎಂದುಕೊಂಡ. ಡಾಕ್ಟರಮ್ಮ ತಲೆಯಾಡಿಸಿ ಮುಂದಿನ ಹಾಸಿಗೆಗೆ ಹೋದರು. ಎಲ್ಲೋ ಒಂದು ಕಡೆ ‘ಚಪ್ಪಲಿ’ ಎಂದು ಲೆಕ್ಕಕ್ಕೆ ಸೇರಿಹೋಗುತ್ತದೆ. ಇನ್ನು ಮೇಲೆ ಅದು ಬರೀ ಬೀದಿಯ ಮಾತಲ್ಲ.

ಸಿಸ್ಟರು ಅತ್ತಿಗೆಯನ್ನು ಕೆಳಗಿನ ಔಷಧಿ ಅಂಗಡಿಗೆ ಕಳಿಸಿದರು. ಕಂಡಕ್ಟರನ್ನು ಡ್ರೆಸ್ಸಿಂಗಿಗೆಂದು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋದರು. ಆ ಮೂಲೆಯಲ್ಲಿ ಇಬ್ಬರೇ ಉಳಿದರು. ಅಣ್ಣ ಪೈಜಾಮವನ್ನು ಬಿಡಿಸಿ, ಎಡಗಾಲಿನ ಮಡಿಕೆಯ ಮೇಲೆ ಬೆರಳು ಎಳೆದು, ‘ಕತ್ತಿ ಹಾಗಿದೆ’ ಎಂದು ಮೆಚ್ಚಿದ. ಅವನಿಗೆ ತಡೆಯಲಾಗಲಿಲ್ಲ.

‘ಅಣ್ಣ, ಅದು ಚಪ್ಪಲಿ ಅಲ್ಲ.’

ಅಣ್ಣ ಮಡಿಕೆಯನ್ನೇ ನೋಡುತ್ತಿದ್ದ.

‘ನೀರು. ಅವತ್ತು ನೀರು ಸುಡ್ತಾ ಇತ್ತು. ನನ್ನ ಕೈಗೆ ಗೊತ್ತಾಗ್ಲಿಲ್ಲ. ನನ್ನ ಕೈ... ಈ ಬೆರಳಿಗೆ ಏನೂ ಗೊತ್ತಾಗಲ್ಲ ಅಣ್ಣ. ನಾನೇ ನಿನ್ನ ಕಾಲು...’

‘ಗೊತ್ತು ಕಣೋ.’

ಅಣ್ಣ ಅದನ್ನು ಬಹಳ ಸಾಮಾನ್ಯವಾಗಿ, ಗುಂಡಿ ತಂದಿದ್ದೀಯಾ ಎಂದು ಕೇಳುವ ದನಿಯಲ್ಲಿ ಹೇಳಿದ್ದರಿಂದ ಅವನಿಗೆ ಮೊದಲು ಅರ್ಥವೇ ಆಗಲಿಲ್ಲ.

‘ಚಪ್ಪಲಿ ಕಚ್ಚಿದ್ರೆ ಪಟ್ಟಿ ಇರೋ ಕಡೆ ಕಚ್ಚುತ್ತೆ. ನಂದು ಸುತ್ತ ಕೆಂಪಾಗಿತ್ತು, ಹಿಮ್ಮಡಿ ಮೇಲೆ ನೇರಕ್ಕೆ ಗೆರೆ. ಕಾಲುಚೀಲದ ಅಂಚು ಇರುತ್ತಲ್ಲ, ಹಾಗೆ. ಇಷ್ಟು ವರ್ಷ ಅಂಚು ಮಡಚಿದೀನಿ, ನೇರ ಯಾವುದು ಅಂತ ನಂಗೆ ಗೊತ್ತಾಗಲ್ವಾ? ನೀರು ಅಲ್ಲೀವರೆಗೆ ಇತ್ತು. ಬೆಳಗ್ಗೆ ಎದ್ದಾಗಲೇ ನೋಡಿದ್ದೆ. ಆಮೇಲೆ ಚಪ್ಪಲಿ ಮೆಟ್ಟಿದ್ದು.’

‘ಮತ್ತೆ ಅತ್ತಿಗೆಗೆ ಯಾಕೆ ಅಂದೆ?’

ಅಣ್ಣ ಪೈಜಾಮವನ್ನು ಹಳೆಯ ಮಡಿಕೆಗೇ ಮತ್ತೆ ಮಡಚಿದ. ‘ಯಾರಿಗಾದ್ರೂ ಅನ್ನಲೇಬೇಕಿತ್ತು ಕಣೋ. ಒಳಗೆ ಹಿಡ್ಕೊಳೋಕೆ ಆಗ್ಲಿಲ್ಲ. ಅವಳಿಗೆ ಅಂದ್ರೆ ಅಳ್ತಾಳೆ, ಆಮೇಲೆ ಊಟಕ್ಕೆ ಕರೀತಾಳೆ. ನಿನಗೆ ಅಂದಿದ್ರೆ ನೀನು ಪೆಟ್ಟಿಗೆ ಕೆಳಗಿಟ್ಟು ಹೊರಟುಬಿಡ್ತಿದ್ದೆ. ಹಿಂದೆ ಒಂದ್ಸಲ ಹೋಗಿದ್ಯಲ್ಲ, ಒಂದು ಕೋಟು ಸುಟ್ಟಿದ್ದಕ್ಕೆ ಬೈದೆ ಅಂತ. ಒಂದು ವರ್ಷ ಮುಖ ತೋರಿಸ್ಲಿಲ್ಲ. ಈಗ ಹೋದ್ರೆ ಅಂಗಡಿ ಯಾರು ತೆಗೀತಾರೆ? ನಾನೇನು ಇನ್ನು ಪೆಡಲ್ ತುಳೀತೀನಾ?’ ಆಮೇಲೆ ಗೋಡೆಯ ಕಡೆ ತಿರುಗಿಕೊಂಡು, ‘ಅವಳಿಗೆ ಹೇಳ್ಬೇಡ. ಈಗ ಹೇಳಿದ್ರೆ ನಾನು ಅವಳ ಮುಖ ಹೆಂಗೆ ನೋಡ್ಲಿ?’ ಎಂದ.

ಅವನಿಗೆ ಕ್ಷಮೆ ಸಿಕ್ಕಿತ್ತು. ಕೇಳುವುದಕ್ಕೆ ಮೊದಲೇ, ವಾರಗಳ ಹಿಂದೆಯೇ ಸಿಕ್ಕಿಬಿಟ್ಟಿತ್ತು. ಆದರೆ ಅದನ್ನು ಕೊಟ್ಟವನು ತನ್ನ ಕೈಯಿಂದ ಕೊಟ್ಟಿರಲಿಲ್ಲ, ಅತ್ತಿಗೆಯಿಂದ ಕಿತ್ತು ಕೊಟ್ಟಿದ್ದ. ಅಣ್ಣನ ಮೇಲೆ ಮೊದಲ ಸಲ ಸಿಟ್ಟು ಬಂತು. ಈ ಹೊತ್ತಿನಲ್ಲಿ, ಆ ಪೆನ್ನಿನ ಗುರುತಿನ ಮುಂದೆ ಸಿಟ್ಟು ಬರಬಾರದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿರುವಾಗ ಇಬ್ಬರು ಬಂದು ಮಂಚವನ್ನು ತಳ್ಳಿದರು. ಅತ್ತಿಗೆ ಓಡುತ್ತ ಬಂದು ಔಷಧಿಯ ಚೀಲವನ್ನು ಸಿಸ್ಟರಿಗೆ ಕೊಟ್ಟು ಮಂಚದ ಜೊತೆ ನಡೆದರು. ಬಾಗಿಲ ಹತ್ತಿರ ಅಣ್ಣ ಕೈಯೆತ್ತಿ ಅವರ ಕೈ ಹಿಡಿಯಲು ನೋಡಿದ. ಬೆರಳು ತಾಗಿತೋ ಇಲ್ಲವೋ, ಬಾಗಿಲು ಮುಚ್ಚಿತು.

ಹೊರಗೆ ಉದ್ದ ಬೆಂಚಿನ ಮೇಲೆ ಇಬ್ಬರೂ ಕುಳಿತರು. ಎದುರಿನ ಬೆಂಚಿನಲ್ಲಿ ಇನ್ನೊಂದು ಮನೆಯವರು, ಬಾಗಿಲ ಮೇಲೊಂದು ಕೆಂಪು ದೀಪ. ಅತ್ತಿಗೆ ಕೇಳಿದರು, ‘ಒಂದು ನಂಬರ್ ದೊಡ್ಡದು ತಗೊಂಡಿದ್ರೆ ಕಚ್ತಿರ್ಲಿಲ್ಲ ಅಲ್ವಾ ಮರಿ?’ ಅಂಗಡಿಯವನು ದೊಡ್ಡದನ್ನೂ ತೋರಿಸಿದ್ದ, ಆದರೆ ಅದರಲ್ಲಿ ಕಂದು ಬಣ್ಣ ಇರಲಿಲ್ಲ, ಅವರಿಗೆ ಕಂದು ಇಷ್ಟ ಅಂತ ಇದನ್ನೇ ತಂದೆ, ಎಂದು ಅದನ್ನೇ ಎಷ್ಟನೆಯದೋ ಸಲ ಹೇಳತೊಡಗಿದರು. ಹೇಳುತ್ತ ಹೇಳುತ್ತ ದನಿ ಸಣ್ಣದಾಯಿತು. ಈ ಹೆಂಗಸು ತನ್ನ ಶಾಲೆಯ ಚೀಲ ಹೊಲಿದುಕೊಟ್ಟವಳು, ಜ್ವರ ಬಂದಾಗ ಹಣೆಯ ಮೇಲೆ ಬಟ್ಟೆ ಹಾಕಿ ಕುಳಿತವಳು, ಮನೆ ಬಿಟ್ಟು ಹೋದಾಗ ಹುಡುಕಿಕೊಂಡು ಬಂದವಳು. ಇವಳು ಸಾಯುವವರೆಗೆ ಬರಿಗಾಲಲ್ಲಿ ನಡೆಯುತ್ತಾಳೆ. ಅಣ್ಣ ಹೇಳಬೇಡ ಎಂದಿದ್ದಾನೆ. ಅಣ್ಣನ ಮಾತನ್ನು ಅವನು ಎಂದೂ ಮೀರಿದವನಲ್ಲ, ಇವತ್ತಂತೂ ಮೀರುವ ಹಾಗಿಲ್ಲ.

‘ಅತ್ತಿಗೆ, ಚಪ್ಪಲಿ ಅಲ್ಲ’ ಎಂದ. ಅವರ ಕಡೆ ತಿರುಗದೆ, ಎದುರಿನ ಗೋಡೆಗೆ ಹೇಳುವವನಂತೆ, ಎಲ್ಲ ಹೇಳಿದ. ನೀರು, ಬೆರಳು, ಚಹಾ, ಬೀದಿಯಲ್ಲಿ ಹ್ಞೂಂಗುಟ್ಟಿದ್ದು. ಎದುರಿನ ಬೆಂಚಿನವರು ಮಾತು ನಿಲ್ಲಿಸಿ ಕೇಳಿಸಿಕೊಂಡರು; ಕೇಳಿಸಿಕೊಳ್ಳಲಿ ಎಂದುಕೊಂಡ.

ಅತ್ತಿಗೆ ಬೈಯಲಿಲ್ಲ. ‘ನೀರು ಕಾಯಿಸಿದ್ದು ನಾನೇ ಅಲ್ವಾ?’ ಎಂದರು, ಬಹಳ ಮೆಲ್ಲಗೆ. ಅವನಿಗೆ ಒಂದು ಕ್ಷಣ, ಒಂದೇ ಒಂದು ಕ್ಷಣ, ಎದೆ ಹಗುರವಾಯಿತು. ಹಗುರವಾದದ್ದು ಗೊತ್ತಾಗಿ ತನ್ನ ಮೇಲೆ ತನಗೇ ಅಸಹ್ಯವಾಯಿತು.

‘ನೀವು ತಣ್ಣೀರು ತಂದಿದ್ರಿ ಅತ್ತಿಗೆ. ನಾನು ಬೇಡ ಅಂದೆ.’

‘ಹೌದು. ಚೊಂಬು ತಂದಿದ್ದೆ.’ ಅವರು ತಮ್ಮ ಖಾಲಿ ಅಂಗೈಯನ್ನು ನೋಡಿಕೊಂಡರು. ಅದನ್ನು ಅವರು ಮರೆತೇಬಿಟ್ಟಿದ್ದರು. ಎಲ್ಲರೂ ಸೇರಿ ಚಪ್ಪಲಿ ಚಪ್ಪಲಿ ಎಂದು ಹೇಳಿ ಆ ಚೊಂಬನ್ನು ಅವರ ಕೈಯಿಂದ ತೆಗೆದುಬಿಟ್ಟಿದ್ದರು. ಈಗ ಅದು ನೆನಪಾಗಿ ಅವರ ಬೆನ್ನು ನಿಧಾನಕ್ಕೆ ನೆಟ್ಟಗಾಯಿತು. ಮುಖ ಅವನ ಕಡೆ ತಿರುಗಿತು. ಇಷ್ಟು ವರ್ಷಗಳಲ್ಲಿ ಆ ಮುಖ ಅಷ್ಟು ಕಠಿಣವಾದದ್ದನ್ನು ಅವನು ನೋಡಿರಲಿಲ್ಲ.

‘ಅವರಿಗೆ ಗೊತ್ತಿತ್ತಾ?’

ಅವನು ಇದನ್ನು ಯೋಚಿಸಿರಲಿಲ್ಲ. ಸತ್ಯ ಹೇಳಿದರೆ ಮುಗಿಯಿತು, ಆಮೇಲೆ ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಎಂದಷ್ಟೇ ಯೋಚಿಸಿದ್ದ. ಸತ್ಯಕ್ಕೆ ಇನ್ನೊಂದು ಬಾಗಿಲಿರುತ್ತದೆ, ಅದರ ಹಿಂದೆ ಅಣ್ಣ ಒಂದು ಕಾಲಿಲ್ಲದೆ ಮಲಗಿರುತ್ತಾನೆ ಎಂದು ಹೊಳೆದಿರಲಿಲ್ಲ. ನಾಳೆಯಿಂದ ಅಣ್ಣನನ್ನು ಎಬ್ಬಿಸಿ ಕೂರಿಸುವವರು ಇವರು, ಆ ಗಾಯಕ್ಕೆ ಔಷಧಿ ಹಚ್ಚುವವರು ಇವರು, ಹೆಗಲು ಕೊಟ್ಟು ನಡೆಸುವವರು ಇವರು. ಅಣ್ಣ ಬೇಕೆಂದೇ ಬೈದ ಎಂದು ತಿಳಿದರೂ ಎಲ್ಲವನ್ನೂ ಮಾಡುತ್ತಾರೆ, ಒಂದನ್ನೂ ಬಿಡುವುದಿಲ್ಲ.

‘ಅವರಿಗೆ ಗೊತ್ತಿತ್ತಾ ಮರಿ?’

‘ಇಲ್ಲ’ ಎಂದ.

ಅತ್ತಿಗೆ ಅವನ ಮುಖವನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅವರ ಮುಖ ಸಡಿಲವಾಯಿತು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ಈ ವಾರಗಳಲ್ಲಿ ಅವರು ಅತ್ತದ್ದನ್ನು ಅವನು ಬೇಕಾದಷ್ಟು ನೋಡಿದ್ದ, ಆದರೆ ಇದು ಬೇರೆ ಅಳು, ನಿರಾಳವಾದವರ ಅಳು.

‘ಪಾಪ’ ಎಂದರು, ಕೆಂಪು ದೀಪದ ಕೆಳಗಿನ ಬಾಗಿಲನ್ನು ನೋಡುತ್ತ. ‘ಗೊತ್ತಿಲ್ಲದೆ ಬೈದ್ರು.’